ಪೇಲ್ ಅಂದ್ರೆ ಬರೀ ಬಿಳುಪಲ್ಲ: ಒಂದು ಇಂಗ್ಲಿಷ್ ಪದವನ್ನು ಕನ್ನಡಕ್ಕೆ ತರುವ ದಾರಿ

‘ಪೇಲ್ ಅನ್ನೋ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನು ಹೇಳಬೇಕು?’ ಈ ಪ್ರಶ್ನೆಯನ್ನು ಓದುಗರು ನನಗೆ ಮತ್ತೆ ಮತ್ತೆ ಕೇಳುತ್ತಾರೆ. ಕೇಳುವವರಲ್ಲಿ ಅನುವಾದ ಮಾಡುವವರು ಇದ್ದಾರೆ, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರುಗಳಿದ್ದಾರೆ, ಆರೋಗ್ಯದ ಕರಪತ್ರ ಬರೆಯುವವರೂ ಇದ್ದಾರೆ. ಎಲ್ಲರಿಗೂ ಬೇಕಾಗಿರುವುದು ಒಂದೇ ಒಂದು ಪದ. ಅದು ಸಿಕ್ಕರೆ ಎಲ್ಲ ಕಡೆ ಅದನ್ನೇ ಹಾಕಿ ಕೆಲಸ ಮುಗಿಸಬಹುದು ಅಂತ.

ಅಂಥ ಒಂದು ಪದ ಕನ್ನಡದಲ್ಲಿ ಇಲ್ಲ. ಇದು ಕನ್ನಡದ ಕೊರತೆಯಲ್ಲ. ಇಂಗ್ಲಿಷಿನವರು ಒಂದೇ ಪದದೊಳಗೆ ತುಂಬಿಟ್ಟಿರುವುದನ್ನು ನಾವು ಆರೇಳು ಪದಗಳಿಗೆ ಹಂಚಿಕೊಂಡಿದ್ದೇವೆ, ಅಷ್ಟೇ. ಯಾವ ಜಾಗಕ್ಕೆ ಯಾವುದು ಅಂತ ಗೊತ್ತಾಗಬೇಕಾದರೆ ಆ ಪದ ಎಲ್ಲಿಂದ ಬಂತು ಅನ್ನುವುದು ಸ್ವಲ್ಪ ಗೊತ್ತಿರಬೇಕು. ಹಂತ ಹಂತವಾಗಿ ಹೋಗೋಣ.

ಶುರು ಮಾಡುವ ಮೊದಲು ಮೂರು ವಸ್ತು ಪಕ್ಕದಲ್ಲಿರಲಿ. ಒಂದು, ಪದಗಳ ಹುಟ್ಟು ಹೇಳುವ ಇಂಗ್ಲಿಷ್ ನಿಘಂಟು. ಇಂಥದ್ದನ್ನು ಪದಮೂಲ ಕೋಶ ಅನ್ನುತ್ತಾರೆ, ಅಂತರ್ಜಾಲದಲ್ಲಿ ಉಚಿತವಾಗಿಯೂ ಸಿಗುತ್ತವೆ. ಎರಡು, ಒಂದು ಒಳ್ಳೆಯ ಕನ್ನಡ ನಿಘಂಟು. ಕಿಟೆಲ್ ಅವರ 1894ರ ಕೋಶ ಆಗಬಹುದು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಾದರೆ ಇನ್ನೂ ಒಳ್ಳೆಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪೇಲ್ ಬಂದಿರುವ ಪೂರ್ತಿ ವಾಕ್ಯ. ಬರೀ ಪದವನ್ನು ಮಾತ್ರ ಕಳಿಸಿ ಅರ್ಥ ಕೇಳಿದರೆ ಯಾರಿಂದಲೂ ಸರಿಯಾದ ಉತ್ತರ ಸಿಗುವುದಿಲ್ಲ.

ಹಂತ 1: ಬಣ್ಣವೋ ಬೇಲಿಯೋ ನೋಡಿಕೊಳ್ಳಿ

ಇಂಗ್ಲಿಷಿನಲ್ಲಿ ಪೇಲ್ ಅಂತ ಎರಡು ಬೇರೆ ಬೇರೆ ಪದಗಳಿವೆ. ಉಚ್ಚಾರ ಒಂದೇ, ಬರೆಯುವ ರೀತಿಯೂ ಒಂದೇ. ಆದರೆ ಹುಟ್ಟು ಬೇರೆ. ಒಂದು ಬಣ್ಣ ಕಡಿಮೆಯಾಗಿರುವುದನ್ನು ಹೇಳುತ್ತದೆ. ಇನ್ನೊಂದು ಬೇಲಿಯ ಗೂಟ. ನಮ್ಮಲ್ಲಿ ‘ಹದ್ದು’ ಅಂದರೆ ಹಾರುವ ಹಕ್ಕಿಯೂ ಹೌದು, ಗಡಿಯೂ ಹೌದು, ಅವೆರಡಕ್ಕೂ ಸಂಬಂಧವಿಲ್ಲ ಅಲ್ವಾ? ಹಾಗೆಯೇ ಇದು.

ಗುರುತು ಹಿಡಿಯುವುದು ಕಷ್ಟವಲ್ಲ. ವಾಕ್ಯದಲ್ಲಿ ಪೇಲ್ ಇನ್ನೊಂದು ಪದವನ್ನು ಬಣ್ಣಿಸುತ್ತಿದ್ದರೆ, ಅಂದರೆ ಪೇಲ್ ಮುಖ, ಪೇಲ್ ನೀಲಿ, ಪೇಲ್ ಬೆಳಕು ಅಂತಿದ್ದರೆ, ಅದು ಬಣ್ಣದ್ದು. ಅದರ ಹಿಂದೆ ‘ದ’ ಅನ್ನುವ ಪದ ಬಂದು, ಅದಕ್ಕೂ ಹಿಂದೆ ‘ಬಿಯಾಂಡ್’, ‘ವಿದಿನ್’, ‘ಔಟ್‌ಸೈಡ್’ ಥರದ್ದೇನಾದರೂ ಇದ್ದರೆ ಅದು ಬೇಲಿಯದ್ದು. ಇತಿಹಾಸದ ಪುಸ್ತಕದಲ್ಲಿ ಮೊದಲ ಅಕ್ಷರ ದೊಡ್ಡದಾಗಿದ್ದರೆ ಬಹುಮಟ್ಟಿಗೆ ಬೇಲಿಯದ್ದೇ. ಕಿವಿಯಲ್ಲಿ ಕೇಳಿ ಬರೆದುಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ: ಬಕೆಟ್ಟಿಗೆ ಹೇಳುವ ಪದದ ಉಚ್ಚಾರವೂ ಇದೇ. ಅದರ ಅಕ್ಷರಗಳು ಬೇರೆ.

ಹಂತ 2: ಬಣ್ಣದ ಪೇಲ್‌ನ ಮನೆತನ ತಿಳಿದುಕೊಳ್ಳಿ

ಈ ಪದ ಇಂಗ್ಲಿಷಿನದ್ದಲ್ಲ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಗೆ ರಾಶಿ ರಾಶಿ ಫ್ರೆಂಚ್ ಪದಗಳು ಬಂದವು. ಪೇಲ್ ಕೂಡ ಹಾಗೆ ಫ್ರೆಂಚಿನಿಂದ ಬಂದದ್ದು. 1300ರ ಹೊತ್ತಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತದೆ. ಫ್ರೆಂಚಿಗೆ ಅದು ಲ್ಯಾಟಿನ್ನಿನ ‘ಪಾಲ್ಲಿದುಸ್’ ಅನ್ನುವ ಪದದಿಂದ ಬಂದಿತ್ತು. ಅದರ ಹಿಂದೆ ‘ಪಾಲ್ಲೇರೆ’, ಅಂದರೆ ಬಣ್ಣ ಇಳಿದುಹೋಗು ಅನ್ನುವ ಕ್ರಿಯಾಪದ ಇದೆ. ವೈದ್ಯರು ಬಳಸುವ ‘ಪ್ಯಾಲರ್’ ಇದರ ಹತ್ತಿರದ ನೆಂಟ. ‘ಅಪಾಲ್’ ಅಂತ ಇನ್ನೊಂದು ಪದವಿದೆ, ಈಗ ಗಾಬರಿ ಹುಟ್ಟಿಸು, ದಿಗಿಲುಗೊಳಿಸು ಅನ್ನುವ ಅರ್ಥದ್ದು. ಅದೂ ಮೊದಲು ಬಿಳಿಚಿಕೊಳ್ಳು ಅಂತಲೇ ಇತ್ತು. ಭಯಕ್ಕೂ ಮುಖದ ಬಣ್ಣ ಇಳಿಯುವುದಕ್ಕೂ ಇರುವ ನಂಟನ್ನು ಅವರೂ ನೋಡಿದ್ದರು, ನಾವೂ ನೋಡಿದ್ದೇವೆ. ‘ಹೆದರಿ ಬಿಳಿಚಿಕೊಂಡ’ ಅಂತ ನಾವು ಹೇಳುತ್ತೇವಲ್ಲ.

ಇನ್ನೂ ಹಿಂದಕ್ಕೆ ಹೋದರೆ ದಾರಿ ನಮ್ಮ ಮನೆಯ ಬಾಗಿಲಿಗೇ ಬರುತ್ತದೆ. ಲ್ಯಾಟಿನ್, ಗ್ರೀಕ್, ಸಂಸ್ಕೃತ, ಹಳೆಯ ಇಂಗ್ಲಿಷ್ ಇವೆಲ್ಲ ಒಂದೇ ಹಳೆಯ ಭಾಷಾ ಕುಟುಂಬದವು, ಇಂಡೋ ಯುರೋಪಿಯನ್ ಅಂತ ಕರೆಯುವ ಕುಟುಂಬ. ಈ ಕುಟುಂಬದಲ್ಲಿ ಬಣ್ಣ ಕಡಿಮೆಯಾದದ್ದನ್ನು ಹೇಳುವ ‘ಪೆಲ್’ ಅನ್ನುವ ಬೇರು ಇತ್ತು ಅಂತ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಂಸ್ಕೃತದ ‘ಪಲಿತ’ ಇದೇ ಬೇರಿನ ಚಿಗುರು. ಪಲಿತ ಅಂದರೆ ನರೆತ, ಕೂದಲು ಬೆಳ್ಳಗಾದ. ಭಜಗೋವಿಂದಂ ಕೇಳಿದವರಿಗೆ ‘ಪಲಿತಂ ಮುಂಡಂ’ ಅನ್ನುವ ಮಾತು ನೆನಪಾದೀತು. ಆ ನರೆತ ತಲೆಯೂ ಇಂಗ್ಲಿಷಿನ ಪೇಲ್ ಮುಖವೂ ದಾಯಾದಿಗಳು.

ಗ್ರೀಕಿನಲ್ಲಿ ಇದೇ ಬೇರು ‘ಪೊಲಿಯೋಸ್’ ಆಯಿತು. ಬೂದು ಬಣ್ಣ ಅಂತ ಅರ್ಥ. ಹೌದು, ನೀವು ಊಹಿಸಿದ್ದು ಸರಿ. ಮಕ್ಕಳಿಗೆ ಎರಡು ಹನಿ ಹಾಕಿಸುತ್ತೇವಲ್ಲ, ಆ ಪೋಲಿಯೋ. ಬೆನ್ನುಹುರಿಯೊಳಗಿನ ಬೂದು ಭಾಗಕ್ಕೆ ಹತ್ತುವ ಕಾಯಿಲೆ ಅಂತ ವೈದ್ಯರು ಅದಕ್ಕೆ ಪೊಲಿಯೋಮಯಲೈಟಿಸ್ ಅಂತ ಹೆಸರಿಟ್ಟರು. ನಾವು ಬಾಲ ಕತ್ತರಿಸಿ ಬರೀ ಬೂದು ಬಣ್ಣವನ್ನು ಉಳಿಸಿಕೊಂಡೆವು!

ಹಳೆಯ ಇಂಗ್ಲಿಷಿನಲ್ಲೂ ಈ ಬೇರಿನ ಒಂದು ಪದ ಇತ್ತು. ಅದು ಈಗ ‘ಫ್ಯಾಲೋ’ ಜಿಂಕೆಯ ಹೆಸರಿನಲ್ಲಿ ಉಳಿದಿದೆ, ಮಾಸಲು ಕಂದು ಬಣ್ಣ ಅನ್ನುವ ಅರ್ಥದಲ್ಲಿ. ಬೀಳುಬಿಟ್ಟ ಹೊಲಕ್ಕೆ ಹೇಳುವ ಫ್ಯಾಲೋ ಬೇರೆ ಪದ, ಗೊಂದಲ ಬೇಡ.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಅಂದರೆ, ಒಂದು ಕಡೆ ನರೆ, ಒಂದು ಕಡೆ ಬೂದು, ಒಂದು ಕಡೆ ಕಂದು. ಎಲ್ಲೂ ಶುದ್ಧ ಬಿಳಿ ಇಲ್ಲ. ಬೈಬಲ್ಲಿನ ಪ್ರಕಟನೆಯ ಆರನೇ ಅಧ್ಯಾಯದಲ್ಲಿ ಸಾವು ಏರಿ ಬರುವ ಕುದುರೆ ಇಂಗ್ಲಿಷಿನಲ್ಲಿ ‘ಪೇಲ್’ ಕುದುರೆ. ಮೂಲ ಗ್ರೀಕಿನಲ್ಲಿ ಅದರ ಬಣ್ಣ ‘ಖ್ಲೋರೋಸ್’, ಅಂದರೆ ಹಳದಿ ಬೆರೆತ ಹಸಿರು. ಎಲೆಗೆ ಹಸಿರು ಕೊಡುವ ಕ್ಲೋರೋಫಿಲ್ಲಿನ ಹೆಸರಿನಲ್ಲಿರುವುದೂ ಅದೇ ಪದ. ಹೆಣದ ಮೈಬಣ್ಣ ನೋಡಿದವರಿಗೆ ಆ ಕುದುರೆಗೆ ಆ ಬಣ್ಣ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಪೇಲ್ ಅಂದ ಕೂಡಲೇ ‘ಬಿಳಿ’ ಅಂತ ಬರೆಯಬೇಡಿ. ಎಲ್ಲರೂ ಮಾಡುವ ಮೊದಲ ತಪ್ಪು ಇದು.

ನೆಂಟರ ಹಾಗೆ ಕಾಣುವ, ಆದರೆ ನೆಂಟರಲ್ಲದ ಪದಗಳೂ ಇವೆ. ಶವಪೆಟ್ಟಿಗೆಯ ಮೇಲೆ ಹೊದಿಸುವ ಬಟ್ಟೆಗೆ ‘ಪಾಲ್’ ಅನ್ನುತ್ತಾರೆ. ಅದು ಲ್ಯಾಟಿನ್ನಿನ ಮೇಲುಹೊದಿಕೆಯ ಹೆಸರಿನಿಂದ ಬಂದದ್ದು, ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಕ್ಕಿ ನೋಡುವವರು ‘ಪ್ಯಾಲಿಡ್ ಹ್ಯಾರಿಯರ್’ ಅಂದರೆ ಮಾಸಲು ಬಣ್ಣದ್ದು ಅಂತ ತಿಳಿಯುವುದು ಸರಿ. ಆದರೆ ‘ಪಲ್ಲಾಸನ ಮೀನುಗಿಡುಗ’ದಲ್ಲಿ ಬಣ್ಣ ಹುಡುಕಬೇಡಿ. ಅದು ಪೀಟರ್ ಸೈಮನ್ ಪಲ್ಲಾಸ್ ಅನ್ನುವ ಪ್ರಾಣಿವಿಜ್ಞಾನಿಯ ಹೆಸರು.

ಹಂತ 3: ‘ಪೇಲವ’ದ ಬಲೆಗೆ ಬೀಳಬೇಡಿ

ಇದು ನಮ್ಮವರಿಗೇ ವಿಶೇಷವಾದ ಬಲೆ. ಕನ್ನಡದಲ್ಲಿ ‘ಪೇಲವ’ ಅಂತ ಒಂದು ಪದ ಇದೆ. ಪೇಲವ ಮುಖ, ಪೇಲವ ನಗೆ, ಪೇಲವ ವಾದ ಅಂತ ದಿನಾ ಓದುತ್ತೇವೆ. ಸದ್ದು ಹತ್ತಿರ, ಅರ್ಥವೂ ಹತ್ತಿರ. ಹಾಗಾಗಿ ಇದು ಪೇಲ್‌ನಿಂದಲೇ ಬಂದ ಪದ ಅಂತ ಬಹಳ ಜನ ಗಟ್ಟಿಯಾಗಿ ನಂಬಿದ್ದಾರೆ. ಇಂಗ್ಲಿಷಿನವರೇ ನಮ್ಮಿಂದ ತೆಗೆದುಕೊಂಡರು ಅಂತ ವಾದಿಸಿದವರನ್ನೂ ನಾನು ನೋಡಿದ್ದೇನೆ.

ಎರಡೂ ಅಲ್ಲ. ಪೇಲವ ಸಂಸ್ಕೃತದ ಪದ. ಅಲ್ಲಿ ಅದರ ಅರ್ಥ ಕೋಮಲ, ನವಿರು, ನಾಜೂಕು. ಕಾಳಿದಾಸನ ಕುಮಾರಸಂಭವದ ಐದನೇ ಸರ್ಗದಲ್ಲಿ, ತಪಸ್ಸಿಗೆ ಹೊರಟ ಮಗಳನ್ನು ತಾಯಿ ಮೇನಾ ತಡೆಯುತ್ತಾಳೆ. ಪೇಲವವಾದ ಶಿರೀಷದ ಹೂವು ದುಂಬಿಯ ಕಾಲನ್ನು ತಾಳೀತು, ಹಕ್ಕಿಯ ಕಾಲನ್ನು ತಾಳದು ಅನ್ನುತ್ತಾಳೆ. ಶಿರೀಷ ಅಂದರೆ ನಮ್ಮ ಬಾಗೆ ಮರ. ಅದರ ಹೂವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ದಳಗಳು ಕಣ್ಣಿಗೆ ಬೀಳುವುದೇ ಕಷ್ಟ. ಕಾಣುವುದೆಲ್ಲ ರೇಷ್ಮೆ ಎಳೆಯಂಥ ಕೇಸರಗಳ ಒಂದು ಕುಚ್ಚು, ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ನಸುಹಸಿರು. ಉಸಿರು ತಾಗಿದರೂ ಅಲುಗುತ್ತದೆ. ಅಲ್ಲಿ ಪೇಲವ ಅಂದರೆ ಬಣ್ಣವಿಲ್ಲದ್ದು ಅಂತಲ್ಲ, ಭಾರ ತಾಳದಷ್ಟು ನವಿರಾದದ್ದು ಅಂತ.

ಕನ್ನಡಕ್ಕೆ ಬಂದ ಮೇಲೆ ಆ ನಾಜೂಕುತನ ನಿಧಾನವಾಗಿ ಬಲಹೀನತೆಯಾಯಿತು. ಬಲಹೀನತೆ ಸಪ್ಪೆತನವಾಯಿತು. ಈಗಿನ ಪೇಲವದಲ್ಲಿ ಕಳೆ ಇಲ್ಲ, ಶಕ್ತಿ ಇಲ್ಲ, ಉತ್ಸಾಹ ಇಲ್ಲ ಅನ್ನುವ ಭಾವ ಮುಖ್ಯ. ಬಣ್ಣ ಇಲ್ಲ ಅನ್ನುವುದು ಅದರ ಹಿಂದೆ ಬರುತ್ತದೆ. ಹಾಗಾಗಿ ‘ಪೇಲ್ ಸ್ಮೈಲ್’ ಅನ್ನುವುದಕ್ಕೆ ‘ಪೇಲವ ನಗೆ’ ಚೆನ್ನಾಗಿ ಕೂರುತ್ತದೆ. ‘ಪೇಲ್ ಪಿಂಕ್ ಸೀರೆ’ಯನ್ನು ‘ಪೇಲವ ಗುಲಾಬಿ ಸೀರೆ’ ಅಂದರೆ ಮಾತ್ರ ಉಟ್ಟವರಿಗೆ ಬೇಜಾರಾಗುತ್ತದೆ. ಸುಂದರವಾದದ್ದನ್ನು ಸುಮ್ನೆ ಹೀಗಳೆದಂತೆ ಆಗುತ್ತದೆ.

ಹಂತ 4: ಏನು ಕಡಿಮೆಯಾಗಿದೆ ಅಂತ ಕೇಳಿಕೊಳ್ಳಿ

ನಿಜವಾದ ಕೆಲಸ ಇರುವುದು ಇಲ್ಲಿ. ಪೇಲ್ ಅಂದರೆ ಏನೋ ಒಂದು ಕಡಿಮೆಯಾಗಿದೆ ಅಂತ ಅರ್ಥ. ಏನು ಅನ್ನುವುದನ್ನು ಕಂಡುಹಿಡಿದರೆ ಕನ್ನಡ ಪದ ತಾನಾಗಿ ಬಾಯಿಗೆ ಬರುತ್ತದೆ.

ರಕ್ತ ಕಡಿಮೆಯಾಗಿದ್ದರೆ ‘ಬಿಳಿಚಿಕೊಂಡ’. ಕಾಯಿಲೆಯವರ ಮುಖ, ಹೆದರಿದವರ ಮುಖ, ಸುದ್ದಿ ಕೇಳಿ ಕುಸಿದವರ ಮುಖ, ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯ ಪದ ಇಲ್ಲ. ‘ವಿವರ್ಣ’ ಅಂತ ಪುಸ್ತಕದ ಪದ ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ. ಹಳೆಯ ಮಾತು ಬೇಕಾದರೆ ‘ಪಾಂಡು’ ಇದೆ. ಮಹಾಭಾರತದಲ್ಲಿ ವ್ಯಾಸರ ರೂಪ ನೋಡಿ ಅಂಬಾಲಿಕೆ ಬಿಳಿಚಿಕೊಂಡಳು, ಅದಕ್ಕೇ ಮಗ ಪಾಂಡುವರ್ಣದವನಾಗಿ ಹುಟ್ಟಿದ, ಪಾಂಡು ಅಂತಲೇ ಹೆಸರಾಯಿತು. ಆಯುರ್ವೇದದಲ್ಲಿ ಪಾಂಡುರೋಗ ಅಂತ ಇರುವುದೂ ಈ ಬಣ್ಣದ್ದೇ. ಆದರೆ ಇವತ್ತಿನ ಆರೋಗ್ಯದ ಬರಹದಲ್ಲಿ ಪಾಂಡು ಅಂತ ಬರೆದರೆ ಓದುವವರಿಗೆ ಗೊತ್ತಾಗುವುದಿಲ್ಲ. ‘ರಕ್ತಹೀನತೆಯಿಂದ ಬಿಳಿಚಿಕೊಳ್ಳುವುದು’ ಅಂತ ಬರೆಯಿರಿ.

ಆರೋಗ್ಯದ ಕರಪತ್ರ ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಿ, ದಯವಿಟ್ಟು. ಇಂಗ್ಲಿಷಿನಲ್ಲಿ ‘ಪೇಲ್ ಸ್ಕಿನ್’ ಅಂತ ಬರೆದವರ ಮನಸ್ಸಿನಲ್ಲಿ ಹೆಚ್ಚಾಗಿ ಬಿಳಿ ಮೈಬಣ್ಣದವರಿದ್ದಾರೆ. ಅದನ್ನು ‘ಚರ್ಮ ಬೆಳ್ಳಗಾಗುವುದು’ ಅಂತ ಅನುವಾದಿಸಿದರೆ ಎರಡು ಅನಾಹುತ ಆಗುತ್ತದೆ. ಕಪ್ಪು ಅಥವಾ ಎಣ್ಣೆಗಪ್ಪು ಮೈಬಣ್ಣದವರು ‘ನನಗೆ ಹಾಗೇನೂ ಆಗಿಲ್ಲ’ ಅಂತ ಸುಮ್ಮನಾಗುತ್ತಾರೆ. ಇನ್ನು ಕೆಲವರು ಅದನ್ನು ತೊನ್ನು ಅಂತ ತಪ್ಪಾಗಿ ತಿಳಿಯುತ್ತಾರೆ. ನಾನು ತಿದ್ದಿದ ಒಂದು ಕರಪತ್ರದಲ್ಲಿ ಹೀಗೇ ಇತ್ತು, ಅದು ಆಗಲೇ ಒಂದು ಸಲ ಅಚ್ಚಾಗಿ ಹಂಚಿಯೂ ಆಗಿತ್ತು. ನಮ್ಮ ಮೈಬಣ್ಣದಲ್ಲಿ ರಕ್ತ ಕಡಿಮೆಯಾದದ್ದು ಕಾಣುವುದು ಕೆಳರೆಪ್ಪೆಯ ಒಳಗೆ, ನಾಲಿಗೆಯಲ್ಲಿ, ಉಗುರಿನ ಕೆಳಗೆ, ಅಂಗೈಯಲ್ಲಿ. ಹಾಗಾಗಿ ‘ಕಣ್ಣಿನ ಕೆಳರೆಪ್ಪೆಯ ಒಳಭಾಗ, ಅಂಗೈ, ಉಗುರು ಬಿಳಿಚಿಕೊಂಡಿದ್ದರೆ’ ಅಂತ ಜಾಗ ಹೇಳಿ ಬರೆಯಿರಿ. ಪದ ಸರಿಯಾದರೆ ಸಾಲದು, ಓದುವವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗಬೇಕು.

ಇದೇ ಕರಪತ್ರಗಳಲ್ಲಿ ಬರುವ ಇನ್ನೆರಡು ಜಾಗ ನೋಡಿ. ಮೂತ್ರ ಪೇಲ್ ಆಗಿದ್ದರೆ ಸಾಕಷ್ಟು ನೀರು ಕುಡಿಯುತ್ತಿದ್ದೀರಿ, ಒಳ್ಳೆಯದು ಅಂತ. ಮಲ ಪೇಲ್ ಆಗಿದ್ದರೆ ಪಿತ್ತರಸ ಕರುಳಿಗೆ ಸರಿಯಾಗಿ ಇಳಿಯುತ್ತಿಲ್ಲ, ವೈದ್ಯರಿಗೆ ತೋರಿಸಿ ಅಂತ. ಇಂಗ್ಲಿಷಿನಲ್ಲಿ ಒಂದೇ ಪದ, ಒಂದು ಕಡೆ ನೆಮ್ಮದಿ, ಇನ್ನೊಂದು ಕಡೆ ಅಪಾಯ. ಕನ್ನಡದಲ್ಲಿ ಮೊದಲನೆಯದು ‘ತಿಳಿ ಹಳದಿ ಮೂತ್ರ’. ಎರಡನೆಯದು ‘ಜೇಡಿಮಣ್ಣಿನಂತೆ ಬಿಳಿಚಿದ ಮಲ’. ನಮ್ಮ ಭಾಷೆ ಇಲ್ಲಿ ಮೂಲಕ್ಕಿಂತ ಸ್ಪಷ್ಟ. ಆ ಅನುಕೂಲವನ್ನು ಬಿಟ್ಟುಕೊಡಬೇಡಿ.

‘ತಿಳಿ’ ಅನ್ನುವುದು ಬಣ್ಣದ ದಟ್ಟತನ ಕಡಿಮೆ ಇರುವಾಗಿನ ಪದ. ತಿಳಿನೀಲಿ, ತಿಳಿಹಸಿರು, ತಿಳಿಗುಲಾಬಿ. ಈ ಪದದ ಗುಣ ಗೊತ್ತಾಗಬೇಕಾದರೆ ಅಡುಗೆಮನೆಗೆ ಹೋಗಿ. ಬೇಯಿಸಿದ ಬೇಳೆ ತಳಕ್ಕೆ ಕೂತ ಮೇಲೆ ಮೇಲೆ ನಿಲ್ಲುತ್ತದಲ್ಲ, ಸೌಟು ಅಲುಗಿಸದೆ ಬಗ್ಗಿಸಿಕೊಳ್ಳುವ ಆ ನೀರು, ಅದು ತಿಳಿ. ಅದರಿಂದಲೇ ತಿಳಿಸಾರು. ತಿಳಿಯಲ್ಲಿ ಕಲಕು ಇಲ್ಲ, ಕೆಸರು ಇಲ್ಲ. ಅದು ಒಳ್ಳೆಯ ಪದ, ಮೆಚ್ಚುಗೆಯ ಪದ. ಅದಕ್ಕೇ ಅದನ್ನು ಕಾಯಿಲೆಯವರ ಮುಖಕ್ಕೆ ಹಾಕಬಾರದು. ‘ತಿಳಿಯಾದ ಮುಖ’ ಅಂದರೆ ಮನಸ್ಸು ಹಗುರವಾದವರ ಮುಖ ಅಂತ ಆಗಿಬಿಡುತ್ತದೆ.

‘ನಸು’ ಅನ್ನುವುದೂ ಹತ್ತಿರದ್ದೇ. ಆದರೆ ನಸು ಅಂದರೆ ಸ್ವಲ್ಪ. ನಸುಗೆಂಪು ಅಂದರೆ ಕೆಂಪಿನ ಛಾಯೆ ಸ್ವಲ್ಪ ಇದೆ ಅಂತ. ಪೇಲ್ ರೆಡ್ ಅನ್ನುವುದಕ್ಕೆ ಅದು ಸರಿ. ಬಟ್ಟೆ ಅಂಗಡಿಯಲ್ಲಾದರೆ ‘ಲೈಟ್ ಕಲರ್’ ಅಂತಲೇ ಎಲ್ಲರೂ ಹೇಳುತ್ತಾರೆ, ಮಾತಿನಲ್ಲಿ ಅದಕ್ಕೇನೂ ಅಡ್ಡಿಯಿಲ್ಲ. ಆದರೆ ಚಿತ್ರಕಲೆ, ವಿನ್ಯಾಸದ ಬಗ್ಗೆ ಬರೆಯುವಾಗ ಲೈಟ್ ಬೇರೆ, ಪೇಲ್ ಬೇರೆ. ಎರಡರಲ್ಲೂ ಬೆಳಕು ಜಾಸ್ತಿ. ಪೇಲ್‌ನಲ್ಲಿ ಅದರ ಜೊತೆಗೆ ಬಣ್ಣದ ತೀವ್ರತೆಯೂ ಕಡಿಮೆ, ಬಣ್ಣಕ್ಕೆ ಹಾಲು ಬೆರೆಸಿದ ಹಾಗೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬೆಳಕು ಕಡಿಮೆಯಾಗಿದ್ದರೆ ‘ಮಂಕು’: ಮಂಕು ಬೆಳಕು, ಮಂಕಾದ ಚಂದ್ರ. ತೊಳೆದು ತೊಳೆದು, ಬಿಸಿಲಿಗೆ ಬಿದ್ದು ಬಣ್ಣ ಹೋಗಿದ್ದರೆ ‘ಮಾಸಿದ’, ‘ಮಾಸಲು’. ಗಿಡದ ಎಲೆ ಹಸಿರು ಕಳೆದುಕೊಂಡಿದ್ದರೆ ರೈತರು ‘ಎಲೆ ಬಿಳಿಚಿದೆ’, ‘ಹಳದಿ ತಿರುಗಿದೆ’ ಅನ್ನುತ್ತಾರೆ. ಸಾರ ಇಲ್ಲದಿದ್ದರೆ ‘ಸಪ್ಪೆ’. ‘ಪೇಲ್ ಇಮಿಟೇಷನ್’ ಅಂದರೆ ‘ಸಪ್ಪೆ ನಕಲು’. ‘ಅದರ ಮುಂದೆ ಇದು ಪೇಲ್’ ಅಂತ ಹೋಲಿಸಿ ಹೇಳುವಾಗ ‘ಅದರ ಮುಂದೆ ಇದು ಸಪ್ಪೆ’, ‘ಅದರೆದುರು ಇದು ಮಂಕು’.

ಹಂತ 5: ಯಾವುದರ ಪಕ್ಕದಲ್ಲಿ ಪೇಲ್ ಅಂತ ನೋಡಿ

ಪೇಲ್ ಯಾವಾಗಲೂ ಹೋಲಿಕೆಯ ಪದ. ಬೆಂಗಳೂರಿನ ಪಬ್ಬುಗಳ ಹಲಗೆಯಲ್ಲಿ ‘ಐಪಿಎ’ ಅಂತ ಓದಿರುತ್ತೀರಿ. ಇಂಡಿಯಾ ಪೇಲ್ ಏಲ್ ಅನ್ನುವ ಬಿಯರ್. ಲೋಟಕ್ಕೆ ಸುರಿದರೆ ಜೇನಿನ ಬಣ್ಣ, ಕೆಲವೊಮ್ಮೆ ತಾಮ್ರದ ಬಣ್ಣ. ಇದನ್ನು ಪೇಲ್ ಅಂತ ಯಾಕೆ ಅಂದರು?

ಬಿಯರ್ ಮಾಡಲು ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಬೇಕು. ಅದಕ್ಕೆ ಮಾಲ್ಟ್ ಅನ್ನುತ್ತಾರೆ. ಮೊದಲು ಸೌದೆ ಬೆಂಕಿಯಲ್ಲಿ ಒಣಗಿಸುತ್ತಿದ್ದರು, ಕಾಳು ಹೊಗೆ ಹಿಡಿದು ಕಂದಾಗುತ್ತಿತ್ತು. 17ನೇ ಶತಮಾನದಲ್ಲಿ ಇಂಗ್ಲೆಂಡಿನವರು ಕೋಕ್, ಅಂದರೆ ಹೊಗೆಯ ಅಂಶ ತೆಗೆದ ಕಲ್ಲಿದ್ದಲು, ಬಳಸಲು ಕಲಿತರು. ಕಾವನ್ನು ಹದವಾಗಿ ಇಡಲು ಬಂತು, ಮಾಲ್ಟಿನ ಬಣ್ಣ ತಿಳಿಯಾಯಿತು. ಆಗಿನ ಕಡುಕಂದು ಬಿಯರ್‌ಗಳ ಪಕ್ಕದಲ್ಲಿ ಇದು ಪೇಲ್. ಅದರಲ್ಲೇ ಹಾಪ್ಸ್ ಅನ್ನುವ ಕಹಿ ಹೂವನ್ನು ಜಾಸ್ತಿ ಹಾಕಿದ ಬಗೆಯನ್ನು ಹಡಗಿನಲ್ಲಿ ಭಾರತದಲ್ಲಿದ್ದ ಬ್ರಿಟಿಷರಿಗೆ ಕಳಿಸುತ್ತಿದ್ದರು. ಲಂಡನ್ನಿನ ಹಾಡ್ಜ್‌ಸನ್‌ನ ಬೋ ಬ್ರೂವರಿ, ಆಮೇಲೆ ಬರ್ಟನ್ ಊರಿನ ಬ್ರೂವರಿಗಳು ಈ ವ್ಯಾಪಾರ ಮಾಡಿದವು. ಹೆಸರಿಗೆ ಇಂಡಿಯಾ ಸೇರಿದ್ದು ಹೀಗೆ. ಇದನ್ನು ಅನುವಾದಿಸಲು ಹೋಗಬೇಡಿ, ಹೆಸರನ್ನು ಹಾಗೇ ಬಿಡಿ. ವಿವರಿಸುವಾಗ ಮಾತ್ರ ‘ತಿಳಿ ಬಣ್ಣದ’ ಅನ್ನಿ.

ಹಕ್ಕಿಗಳ ಹೆಸರಲ್ಲೂ ಇದೇ ಕಥೆ. ಬೆಂಗಳೂರಿನ ಬೀದಿಗಳಲ್ಲಿ ಗಸಗಸೆ ಹಣ್ಣಿನ ಮರ ಇದ್ದರೆ ಅದರ ಕೆಳಗೆ ಸ್ವಲ್ಪ ಹೊತ್ತು ನಿಂತು ನೋಡಿ. ಹೆಬ್ಬೆರಳಿನಷ್ಟು ಗಾತ್ರದ, ಬೂದುಕಂದು ಬಣ್ಣದ ಹಕ್ಕಿಯೊಂದು ‘ಚಿಕ್ ಚಿಕ್’ ಅನ್ನುತ್ತಾ ಕೊಂಬೆಯಿಂದ ಕೊಂಬೆಗೆ ಹಾರುತ್ತಿರುತ್ತದೆ. ಬದನಿಕೆಯ ಹಣ್ಣು ತಿಂದು ಬೀಜ ಹರಡುವ ಬದನಿಕೆ ಹಕ್ಕಿ ಅದು. ಇಂಗ್ಲಿಷಿನಲ್ಲಿ ಅದರ ಹೆಸರು ‘ಪೇಲ್ ಕೊಕ್ಕಿನದ್ದು’. ವೈಜ್ಞಾನಿಕ ಹೆಸರಿನ ಎರಡನೇ ಭಾಗ ‘ಎರಿತ್ರೋರಿಂಕೋಸ್’, ಗ್ರೀಕಿನಲ್ಲಿ ‘ಕೆಂಪು ಕೊಕ್ಕಿನದ್ದು’ ಅಂತ! ಇಬ್ಬರೂ ನೋಡಿದ್ದು ಒಂದೇ ಕೊಕ್ಕನ್ನು. ಅದು ಮಾಂಸದ ಗುಲಾಬಿ ಬಣ್ಣದ್ದು. ಉಳಿದ ಬದನಿಕೆ ಹಕ್ಕಿಗಳ ಕಪ್ಪು ಕೊಕ್ಕಿನ ಪಕ್ಕದಲ್ಲಿ ಇಟ್ಟರೆ ಪೇಲ್ ಅನ್ನಿಸುತ್ತದೆ, ಬಿಡಿಯಾಗಿ ನೋಡಿದರೆ ಕೆಂಪಿನ ಕಡೆಗೆ ಕಾಣುತ್ತದೆ. ಇದನ್ನು ‘ಬಿಳಿ ಕೊಕ್ಕಿನ’ ಅಂತ ಬರೆದರೆ ಓದುಗರು ಹಕ್ಕಿಯನ್ನು ಗುರುತಿಸಲಾರರು. ‘ನಸುಗೆಂಪು ಕೊಕ್ಕಿನ ಬದನಿಕೆ’ ಅಂದರೆ ಗುರುತಿಸುತ್ತಾರೆ.

1990ರ ಫೆಬ್ರವರಿ 14ರಂದು ವಾಯೇಜರ್ 1 ನೌಕೆ ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಭೂಮಿಯ ಚಿತ್ರ ತೆಗೆಯಿತು. ‘ಪೇಲ್ ಬ್ಲೂ ಡಾಟ್’ ಅಂತ ಅದು ಹೆಸರಾಗಿದೆ. ಇದನ್ನು ‘ಮಸುಕು ನೀಲಿ ಚುಕ್ಕೆ’ ಅನ್ನುವವರಿದ್ದಾರೆ. ಚಿತ್ರದಲ್ಲಿ ಭೂಮಿ ಒಂದು ಪಿಕ್ಸೆಲ್‌ಗಿಂತ ಚಿಕ್ಕದು, ಹಾಗಾಗಿ ಮಸುಕು ಅನ್ನುವುದು ತಪ್ಪಲ್ಲ. ನನಗೆ ಮಾತ್ರ ‘ತಿಳಿನೀಲಿ ಚುಕ್ಕೆ’ಯೇ ಇಷ್ಟ. ಮಸುಕು ಅಂದರೆ ಸರಿಯಾಗಿ ಕಾಣದ್ದು. ಅದು ಅಷ್ಟು ದೂರದಿಂದಲೂ ಕಂಡಿತಲ್ಲ.

ಹಂತ 6: ಬೇಲಿಯ ಪೇಲ್ ಬಂದರೆ ಗಡಿಯ ಪದ ಹುಡುಕಿ

ಈಗ ಎರಡನೇ ಪೇಲ್. ಲ್ಯಾಟಿನ್ನಿನಲ್ಲಿ ‘ಪಾಲುಸ್’ ಅಂದರೆ ಗೂಟ. ಅದರಿಂದ ಪೇಲ್. ಕಂಬಕ್ಕೆ ಹೇಳುವ ‘ಪೋಲ್’ ಕೂಡ ಅದೇ ಗೂಟ, ಇನ್ನೂ ಹಿಂದೆ ಬೇರೆ ದಾರಿಯಲ್ಲಿ ಇಂಗ್ಲಿಷಿಗೆ ಬಂದದ್ದು. ಗೂಟಗಳ ಸಾಲು ‘ಪ್ಯಾಲಿಸೇಡ್’. ಗೂಟಕ್ಕೆ ಚುಚ್ಚುವುದು ‘ಇಂಪೇಲ್’. ಇದಕ್ಕೆ ನಮ್ಮಲ್ಲಿ ಸಿದ್ಧವಾಗಿ ‘ಶೂಲಕ್ಕೇರಿಸು’ ಇದೆ. ಇನ್ನೊಂದು ಆಶ್ಚರ್ಯ: ಮೂರು ಗೂಟದ ಒಂದು ಚಿತ್ರಹಿಂಸೆಯ ಸಾಧನದ ಹೆಸರಿನಿಂದ ಫ್ರೆಂಚಿನಲ್ಲಿ ಕಷ್ಟಪಡು ಅನ್ನುವ ಪದ ಹುಟ್ಟಿತು, ಅದೇ ಇಂಗ್ಲಿಷಿಗೆ ಬಂದು ‘ಟ್ರಾವೆಲ್’ ಆಯಿತು. ಆ ಕಾಲದಲ್ಲಿ ಪ್ರಯಾಣ ಅಷ್ಟು ಕಷ್ಟದ್ದಾಗಿತ್ತು.

ಗೂಟ ನೆಟ್ಟರೆ ಬೇಲಿ. ಬೇಲಿ ಹಾಕಿದರೆ ಒಳಗು, ಹೊರಗು. ಹೀಗೆ ಪೇಲ್ ಅನ್ನುವುದು ಬೇಲಿಯೊಳಗಿನ ಪ್ರದೇಶದ ಹೆಸರೂ ಆಯಿತು. ಇತಿಹಾಸದಲ್ಲಿ ಮೂರು ಮುಖ್ಯ ಪೇಲ್‌ಗಳಿವೆ. ಫ್ರಾನ್ಸಿನ ಕರಾವಳಿಯ ಕ್ಯಾಲೆ ಪಟ್ಟಣ 1347ರಿಂದ 1558ರವರೆಗೆ ಇಂಗ್ಲಿಷರ ಕೈಯಲ್ಲಿತ್ತು. ಅದರ ಸುತ್ತಲಿನ ನೆಲ ಒಂದು ಪೇಲ್. ಐರ್ಲೆಂಡಿನಲ್ಲಿ ಡಬ್ಲಿನ್ ಸುತ್ತ ಇಂಗ್ಲಿಷ್ ರಾಜನ ಆಡಳಿತ ನಿಜವಾಗಿ ನಡೆಯುತ್ತಿದ್ದ ಪ್ರದೇಶ ಎರಡನೆಯದು. 15ನೇ ಶತಮಾನದ ಕೊನೆಯಲ್ಲಿ ಅದರ ಅಂಚಿನಲ್ಲಿ ಕಂದಕ ತೋಡಿ ದಿಬ್ಬ ಕಟ್ಟಬೇಕು ಅಂತ ಕಾನೂನೇ ಆಯಿತು.

ಮೂರನೆಯದನ್ನು ಅನುವಾದಿಸುವಾಗ ಜಾಸ್ತಿ ಎಚ್ಚರ ಬೇಕು. ರಷ್ಯಾದ ರಾಣಿ ಎರಡನೇ ಕ್ಯಾಥರೀನ್ 1791ರಲ್ಲಿ ಯಹೂದಿಗಳು ಸಾಮ್ರಾಜ್ಯದ ಪಶ್ಚಿಮ ಭಾಗದಲ್ಲಿ ಮಾತ್ರ ವಾಸಿಸಬೇಕು ಅಂತ ಕಟ್ಟಳೆ ತಂದಳು. ಈಗಿನ ಲಿಥುವೇನಿಯಾ, ಬೆಲಾರುಸ್, ಉಕ್ರೇನ್, ಮಾಲ್ಡೋವಾ, ಪೋಲೆಂಡುಗಳ ಭಾಗಗಳು ಅದರಲ್ಲಿ ಸೇರಿದ್ದವು. ಅದು ಕೊನೆಯಾದದ್ದು 1917ರ ಕ್ರಾಂತಿಯಲ್ಲಿ. ರಷ್ಯನ್ ಹೆಸರಿನಲ್ಲಿ ಗೂಟವೂ ಇಲ್ಲ, ಬೇಲಿಯೂ ಇಲ್ಲ. ಅಲ್ಲಿರುವುದು ‘ಚೆರ್ತಾ’, ಅಂದರೆ ಗೆರೆ. ಇಂಗ್ಲಿಷಿನವರು ಅದನ್ನು ಪೇಲ್ ಅಂತ ಮಾಡಿಕೊಂಡರು. ನಾವು ಕನ್ನಡಕ್ಕೆ ತರುವಾಗ ಇಂಗ್ಲಿಷಿನ ಬೇಲಿಯನ್ನು ಹೊತ್ತು ತರಬೇಕಾಗಿಲ್ಲ. ‘ವಾಸದ ಗಡಿ’ ಅಂದರೆ ಸಾಕು. ‘ಲಕ್ಷ್ಮಣರೇಖೆ’ ಅಂತ ಮಾತ್ರ ಬೇಡ. ಲಕ್ಷ್ಮಣ ಗೆರೆ ಎಳೆದದ್ದು ಒಳಗಿದ್ದವಳನ್ನು ಕಾಯಲಿಕ್ಕೆ. ಇದು ಲಕ್ಷಾಂತರ ಜನರನ್ನು ಕೂಡಿಹಾಕಿದ ಗೆರೆ.

ಇನ್ನು ‘ಬಿಯಾಂಡ್ ದ ಪೇಲ್’. ಮಾತೋ ನಡತೆಯೋ ಸಹಿಸಲಾರದಷ್ಟು ಕೆಟ್ಟದ್ದು ಅಂತ ಅರ್ಥ. ಇದು ಡಬ್ಲಿನ್ನಿನ ಬೇಲಿಯಿಂದಲೇ ಬಂತು ಅಂತ ಬಹಳ ಕಡೆ ಬರೆದಿರುತ್ತಾರೆ. ಅದಕ್ಕೆ ನೇರ ಪುರಾವೆ ಇಲ್ಲ. ಈ ನುಡಿಗಟ್ಟು ಈಗಿನ ಅರ್ಥದಲ್ಲಿ ಕಾಣಿಸಿಕೊಳ್ಳುವುದು ಆ ಬೇಲಿ ಹಾಕಿ ಬಹಳ ಕಾಲವಾದ ಮೇಲೆ. ಗೂಟ, ಬೇಲಿ, ಗಡಿ, ಮರ್ಯಾದೆಯ ಗಡಿ ಅಂತ ಅರ್ಥ ತಾನಾಗಿ ಬೆಳೆದಿರಬಹುದು.

ಹಾಗೆ ಬೆಳೆಯುತ್ತದೆ ಅನ್ನುವುದಕ್ಕೆ ಕನ್ನಡದಲ್ಲೇ ಸಾಕ್ಷಿ ಇದೆ. ಜಮೀನು ಇರುವವರಿಗೆ ‘ಹದ್ದುಬಸ್ತು’ ಗೊತ್ತು. ಪಕ್ಕದವರು ಬದು ಒತ್ತಿದ್ದಾರೆ ಅನ್ನಿಸಿದರೆ ಸರ್ವೆಗೆ ಅರ್ಜಿ ಹಾಕುತ್ತೀರಿ, ಭೂಮಾಪಕರು ಬಂದು ಅಳೆದು ಗಡಿ ತೋರಿಸಿಕೊಡುತ್ತಾರೆ, ಕಲ್ಲು ನೆಡುತ್ತೀರಿ. ಹದ್ದು ಅಂದರೆ ಗಡಿ, ಅರಬ್ಬಿಯಿಂದ ಬಂದ ಪದ. ಅದೇ ಪದದಿಂದ ಮಗನನ್ನು ‘ಹದ್ದುಬಸ್ತಿನಲ್ಲಿ ಇಡು’ ಅನ್ನುತ್ತೇವೆ, ಮಾತು ‘ಹದ್ದು ಮೀರಿತು’ ಅನ್ನುತ್ತೇವೆ. ಹೊಲದ ಕಲ್ಲು ನಡತೆಯ ಕಲ್ಲಾಯಿತು. ಇಂಗ್ಲಿಷಿನ ಗೂಟ ನಡೆದ ದಾರಿಯೂ ಇದೇ. ಆದ್ದರಿಂದ ‘ಬಿಯಾಂಡ್ ದ ಪೇಲ್’ ಅನ್ನುವುದಕ್ಕೆ ‘ಹದ್ದು ಮೀರಿದ್ದು’ ಅಂದರೆ ಅರ್ಥವೂ ಬರುತ್ತದೆ, ಪದದ ಚರಿತ್ರೆಯೂ ಬರುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಜೋಡಿ ಅನುವಾದದಲ್ಲಿ ಅಪರೂಪ. ‘ಎಲ್ಲೆ ಮೀರಿದ’, ‘ಮೇರೆ ಮೀರಿದ’ ಕೂಡ ನಡೆಯುತ್ತವೆ.

ಹಂತ 7: ಬರೆದದ್ದನ್ನು ಗಟ್ಟಿಯಾಗಿ ಓದಿ

ಬರೆದ ಮೇಲೆ ಇಂಗ್ಲಿಷ್ ವಾಕ್ಯವನ್ನು ಮುಚ್ಚಿಡಿ. ಕನ್ನಡದ್ದನ್ನು ಮಾತ್ರ ಮನೆಯವರಿಗೆ ಓದಿ ಹೇಳಿ. ‘ಅವಳ ಮುಖ ತಿಳಿಯಾಯಿತು’ ಅಂತ ಓದಿದಾಗ ಅವರು ‘ಸಮಾಧಾನ ಆಯ್ತಾ ಅವಳಿಗೆ?’ ಅಂತ ಕೇಳಿದರೆ ಪದ ತಪ್ಪಿದೆ ಅಂತ ಅರ್ಥ. ‘ಅವಳ ಮುಖ ಬಿಳಿಚಿಕೊಂಡಿತು’ ಅಂತ ತಿದ್ದಿ ಓದಿ. ‘ಯಾಕೆ, ಏನಾಯ್ತು?’ ಅಂತ ಕೇಳುತ್ತಾರೆ.